ಮನೆ ಬಿಟ್ಟು ಊರು ಸುತ್ತಿದ ಹೆಸರು

ಕರ್ನಾಟಕ ಎಂಬ ಹೆಸರಿನ ಬೇರು ಕೆದಕಿದರೆ ಮೊದಲು ಸಿಗುವುದು ‘ಕರು ನಾಡು’. ಆ ‘ಕರು’ ಯಾವುದು ಎಂಬಲ್ಲಿ ಪಂಡಿತರು ಎರಡು ಪಾಳಯವಾಗುತ್ತಾರೆ. ಕರಿ ಮಣ್ಣಿನ ಎರೆಸೀಮೆ ಎನ್ನುವವರು ಕೆಲವರು, ಎತ್ತರದ ನಾಡು ಎನ್ನುವವರು ಕೆಲವರು. ಕಮ್ಮಿತು ನಾಡು, ಅಂದರೆ ಕಂಪಿನ ನಾಡು ಎಂದವರೂ ಉಂಟು. ಕೇಳಲು ಹಿತ, ನಂಬಲು ಕಷ್ಟ. ಎರೆಮಣ್ಣಿನ ವಾದಕ್ಕೆ ಮೇಲ್ನೋಟಕ್ಕೆ ಬಲ ಹೆಚ್ಚು. ಆದರೆ 9ನೇ ಶತಮಾನದ ‘ಕವಿರಾಜಮಾರ್ಗ’ ತಿರುಳ್ಗನ್ನಡದ ಸೀಮೆ ಗುರುತಿಸಲು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂದು ನಾಲ್ಕು ಊರು ಹೆಸರಿಸುತ್ತದಲ್ಲ, ಅದರಲ್ಲಿ ಮೊದಲನೆಯದು ಇಂದಿನ ಪಟ್ಟದಕಲ್ಲು. ಕಿಸು ಎಂದರೆ ಕೆಂಪು! ಕರಿಯ ನಾಡಿನ ತಿರುಳಿನಲ್ಲೇ ಕೆಂಪು ಊರು.

ಕಾವೇರಿಯಿಂದ ಗೋದಾವರಿವರೆಗಿನ ಈ ನಾಡನ್ನು ಆ ಗ್ರಂಥ ಕರೆಯುವುದು ‘ಕನ್ನಡ’ ಎಂದೇ. ನುಡಿಗೂ ನೆಲಕ್ಕೂ ಒಂದೇ ಹೆಸರು.

ಕರ್ನಾಟಕ ಎಂಬ ಇನ್ನೊಂದು ಹೆಸರನ್ನು ಹೆಚ್ಚು ಬಳಸಿದವರು ಹೊರಗಿನವರು, ಇಲ್ಲವೇ ಎದುರಾಳಿಗಳು. ತಮಿಳಿನ ‘ಶಿಲಪ್ಪದಿಕಾರ’ದಲ್ಲಿ ಕರುನಾಡರು ಬರುತ್ತಾರೆ, ಜೊತೆಗೆ ಕ್ರೂರಿಗಳೆಂಬ ವಿಶೇಷಣವೂ ಅಂಟಿಕೊಂಡಿದೆ. 6ನೇ ಶತಮಾನದ ವರಾಹಮಿಹಿರ ‘ಬೃಹತ್ಸಂಹಿತೆ’ಯಲ್ಲಿ ದಕ್ಷಿಣದ ನಾಡುಗಳನ್ನು ಎಣಿಸುವಾಗ ಕರ್ಣಾಟವನ್ನೂ ಸೇರಿಸುತ್ತಾನೆ. ರಾಷ್ಟ್ರಕೂಟ ದಂತಿದುರ್ಗ ಬಾದಾಮಿ ಚಾಲುಕ್ಯರನ್ನು ಸೋಲಿಸಿದಾಗ, ತಾನು ಮುರಿದದ್ದು ‘ಕರ್ಣಾಟಕ ಬಲ’ವನ್ನು ಎಂದು ಶಾಸನ ಬರೆಸಿದ. ಹರ್ಷನನ್ನೇ ತಡೆದಿದ್ದ ಸೈನ್ಯವದು. ಅದರ ಹೆಸರು ಎತ್ತಿದಷ್ಟೂ ಗೆದ್ದವನ ಬೆಲೆ ಏರುತ್ತಿತ್ತು.

ಆಮೇಲೆ ಹೆಸರು ಗಂಟುಮೂಟೆ ಕಟ್ಟಿತು. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಉತ್ತರಕ್ಕೆ ಹೋದ ದಂಡಿನವರ ಪೈಕಿ ಕೆಲವರು ಅಲ್ಲೇ ನೆಲೆನಿಂತಿರಬೇಕು. 1097ರ ಹೊತ್ತಿಗೆ ನಾನ್ಯದೇವ ಮಿಥಿಲೆಯಲ್ಲಿ ರಾಜ್ಯ ಕಟ್ಟಿದ. ಇತಿಹಾಸದಲ್ಲಿ ಅದು ಕರ್ಣಾಟ ವಂಶ. ಅವರ ರಾಜಧಾನಿ ಸಿಮ್ರೌನಗಢ ಇಂದು ನೇಪಾಳದ ತರಾಯಿಯಲ್ಲಿದೆ. ಬಂಗಾಳದ ಸೇನ ದೊರೆಗಳೂ ತಾವು ಕರ್ಣಾಟ ಕ್ಷತ್ರಿಯರೆಂದು ಹೇಳಿಕೊಂಡವರೇ.

ಬಂಗಾಳಕ್ಕಿಂತ ವಿಚಿತ್ರ ಪ್ರಯಾಣ ಘಟ್ಟದ ಕೆಳಕ್ಕೆ ಆದದ್ದು. ವಿಜಯನಗರದ ದೊರೆತನಕ್ಕೆ ಕರ್ಣಾಟವೆಂಬ ಹೆಸರಿತ್ತು. 1565ರ ಸೋಲಿನ ನಂತರ ಅದರ ನೆಲ ಚೂರಾಗುತ್ತ ಹೋದಾಗ ಮುಸ್ಲಿಂ ಆಡಳಿತಗಾರರು ಘಟ್ಟದ ಮೇಲಿನದನ್ನು ಕರ್ನಾಟಕ ಬಾಲಾಘಾಟ್, ಕೆಳಗಿನದನ್ನು ಪಾಯಿನ್‌ಘಾಟ್ ಎಂದರು. ಕ್ರಮೇಣ ಹೆಸರು ಕೆಳಗಿನವರಿಗೇ ಉಳಿಯಿತು. ಆರ್ಕಾಟಿನ ನವಾಬ ‘ಕರ್ನಾಟಕದ ನವಾಬ’ನಾದ. 1746ರಿಂದ 1763ರವರೆಗೆ ಇಂಗ್ಲಿಷರೂ ಫ್ರೆಂಚರೂ ಮದರಾಸು, ಪುದುಚೇರಿ, ತಿರುಚಿನಾಪಳ್ಳಿಗಳ ಸುತ್ತ ಹೊಡೆದಾಡಿದ್ದು ಶಾಲೆಯ ಪುಸ್ತಕದಲ್ಲಿ ‘ಕರ್ನಾಟಿಕ್ ಯುದ್ಧ’. ಅಸಲಿ ಕರ್ನಾಟಕದ ಮಕ್ಕಳೂ ಅದನ್ನು ಹಾಗೆಯೇ ಬಾಯಿಪಾಠ ಮಾಡುತ್ತಾರೆ, ಆ ಊರುಗಳಲ್ಲಿ ಒಂದೂ ತಮ್ಮ ರಾಜ್ಯದಲ್ಲಿಲ್ಲವಲ್ಲ ಎಂದು ಮೇಷ್ಟ್ರನ್ನು ಕೇಳುವವರು ಕಡಿಮೆ.

1917ರಲ್ಲಿ ಆಲೂರು ವೆಂಕಟರಾಯರು ‘ಕರ್ನಾಟಕ ಗತವೈಭವ’ ಬರೆದಾಗ ಈ ಹೆಸರಿನ ರಾಜ್ಯ ಎಲ್ಲೂ ಇರಲಿಲ್ಲ. 1956ರಲ್ಲಿ ಕನ್ನಡ ಸೀಮೆಗಳು ಒಂದಾದವು, ಹೆಸರು ಮಾತ್ರ ಮೈಸೂರು ಎಂದೇ ಉಳಿಯಿತು. ದೇವರಾಜ ಅರಸರ ಕಾಲದಲ್ಲಿ, 1973ರ ನವೆಂಬರ್ 1ರಂದು ಹೆಸರು ಮನೆ ಸೇರಿತು.

ಪೂರ್ತಿಯಾಗಿ ಸೇರಿತು ಎನ್ನುವ ಹಾಗಿಲ್ಲ. ತಮಿಳರ ಆಡುಮಾತಿನಲ್ಲಿ ಈಗಲೂ ‘ಕರ್ನಾಟಕಂ’ ಎಂದರೆ ಹಳೇ ಕಾಲದ, ಹೊಸದಕ್ಕೆ ಒಗ್ಗದ ಆಸಾಮಿ. ಆ ಬೈಗುಳಕ್ಕೂ ಬೆಂಗಳೂರಿಗೂ ಸಂಬಂಧವಿಲ್ಲ.