ನುಡಿ–ಬರಹ ಜಗಳ: ಸಂಚು ಎಷ್ಟು, ಸತ್ಯ ಎಷ್ಟು?

ದಾವಣಗೆರೆಯ ಮಂಡಿಪೇಟೆಯಲ್ಲೋ ಹರಿಹರದ ತಾಲ್ಲೂಕು ಕಚೇರಿ ಹತ್ತಿರವೋ ಅರ್ಜಿ ಟೈಪ್ ಮಾಡಿಸಿ, ಫೈಲನ್ನು ವಾಟ್ಸ್‌ಆ್ಯಪ್‌ಗೆ ಹಾಕಿಸಿಕೊಂಡಿದ್ದೀರಾ? ಎಷ್ಟೋ ಸಲ ಮೊಬೈಲಿನಲ್ಲಿ ತೆರೆದರೆ ಕನ್ನಡವೇ ಇರುವುದಿಲ್ಲ. ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಕೊಂಬು, ಚುಕ್ಕೆ ಮೂಡಿದಂಥ ಗೀಚು ಕಾಣುತ್ತದೆ. ಮೊಬೈಲ್ ಕೆಟ್ಟಿಲ್ಲ. ಇದರ ಬೇರು ಇಪ್ಪತ್ತು ವರ್ಷದ ಹಿಂದೆ, ಒಂದು ಜಗಳ ಜೋರಾಗಿದ್ದ ಕಾಲದಲ್ಲಿದೆ.

1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ 'ಬರಹ' ತಂತ್ರಾಂಶ ಬಿಡುಗಡೆ ಮಾಡಿದರು. ಆಗ ಪುಕ್ಕಟೆ. ಆಮೇಲೆ ಕನ್ನಡ ಗಣಕ ಪರಿಷತ್ತು ರೂಪಿಸಿದ 'ನುಡಿ' ಬಂತು. ಅದೂ ಪುಕ್ಕಟೆ, ಜೊತೆಗೆ ರಾಜ್ಯ ಸರ್ಕಾರದ ಬೆಂಬಲ. ಕೀಲಿಮಣೆ ಕೆ.ಪಿ. ರಾವ್ ಅವರ ವಿನ್ಯಾಸದ್ದು.

ಅಲ್ಲಿಂದ ಆರೋಪಗಳು ಶುರು. ಬರಹವನ್ನೇ ನಕಲು ಮಾಡಿ ನುಡಿ ಮಾಡಿದ್ದಾರೆ ಎಂದರು. ಸರ್ಕಾರ ಒಬ್ಬರಿಗೇ ಮಣೆ ಹಾಕಿ ಉಳಿದವರನ್ನು ಮುಗಿಸುತ್ತಿದೆ ಎಂದರು. ಅತ್ತ ಪೂರ್ಣಚಂದ್ರ ತೇಜಸ್ವಿಯವರ ಒತ್ತಾಸೆಯಿಂದ ಹಂಪಿ ಕನ್ನಡ ವಿಶ್ವವಿದ್ಯಾಲಯದ 'ಕುವೆಂಪು' ತಂತ್ರಾಂಶವೂ ಬಂತು.

ನಕಲಿನ ಮಾತಿಗೆ ಜನ ಕೊಡುವ ಒಂದು ಸಾಕ್ಷಿ: ನುಡಿಯಲ್ಲಿ ಟೈಪ್ ಮಾಡಿದ್ದನ್ನು ಬರಹದ ಫಾಂಟಿಗೆ ಬದಲಿಸಿದರೆ ಬಹುಮಟ್ಟಿಗೆ ಓದಲು ಬರುತ್ತದೆ. ನಿಜ. ಆದರೆ ಇಷ್ಟರಿಂದಲೇ ಕಳ್ಳತನ ಸಾಬೀತಾಗುವುದಿಲ್ಲ. ಈ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುತ್ತಾರೆ: ತಲಕಟ್ಟು ಒಂದು ಮನೆಯಲ್ಲಿ, ಒತ್ತು ಇನ್ನೊಂದರಲ್ಲಿ. ಯಾವ ತುಂಡು ಯಾವ ಮನೆಗೆ ಎಂಬ ಪಟ್ಟಿ ಒಂದೇ ಆದರೆ ಯಾರು ಮಾಡಿದ ಫಾಂಟಾದರೂ ಓದಿಸುತ್ತದೆ. ಶ್ರೀಲಿಪಿಯ ಪಟ್ಟಿ ಬೇರೆ, ಅದಕ್ಕೇ ಅದು ನುಡಿಯಲ್ಲಿ ತೆರೆಯದು. ನಕಲೋ ಅಲ್ಲವೋ ತಿಳಿಯಲು ತಂತ್ರಾಂಶದ ಒಳಗೆ ಇಣುಕಬೇಕು, ಡಿಟಿಪಿ ಅಂಗಡಿಯ ಹರಟೆ ಸಾಲದು.

ಇನ್ನು ಸರ್ಕಾರದ ಸಂಚು. ನಮಗನ್ನಿಸುವುದು, ಸಂಚು ಮಾಡುವ ಅಗತ್ಯವೇ ಇರಲಿಲ್ಲ. ಸರ್ಕಾರ ಒಂದನ್ನು ಪುಕ್ಕಟೆ ಹಂಚಿ, ಕಚೇರಿಗಳಲ್ಲಿ ಅದನ್ನೇ ಬಳಸಿದರೆ ಉಳಿದವರು ತಾವಾಗಿಯೇ ಮೂಲೆಗೆ ಸರಿಯುತ್ತಾರೆ. ಇದೆಲ್ಲ ಮುಂಬಾಗಿಲಲ್ಲೇ ನಡೆಯಿತು.

ಇವರು ಜಗಳ ಆಡುವಷ್ಟರಲ್ಲಿ ಬೇರೆ ದಾರಿ ಸಿದ್ಧವಿತ್ತು. ಪ್ರತಿ ಅಕ್ಷರಕ್ಕೂ ಸ್ವಂತ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡ 1991ರಿಂದಲೇ ಇದೆ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡ ಫಾಂಟೂ ಬಂತು. ಅದರ ಹೆಸರು 'ತುಂಗಾ', ನಮ್ಮ ಹರಿಹರದ ಹೊಳೆಯ ಅರ್ಧ ಹೆಸರು! ಆದರೂ ಕಚೇರಿ, ಪತ್ರಿಕೆ, ಅಂಗಡಿಗಳು ವರ್ಷಗಟ್ಟಲೆ ಹಳೇ ಪಟ್ಟಿಗೇ ಅಂಟಿಕೊಂಡವು. ಮೊಬೈಲಿಗೆ ಗೊತ್ತಿರುವುದು ಯೂನಿಕೋಡ್ ಮಾತ್ರ. ನುಡಿಯ ಈಚಿನ ಆವೃತ್ತಿಗಳಲ್ಲೂ ಯೂನಿಕೋಡ್ ಸೌಲಭ್ಯವಿದೆ. ಮುಂದಿನ ಸಲ ಟೈಪ್ ಮಾಡಿಸುವಾಗ "ಯೂನಿಕೋಡ್‌ನಲ್ಲಿ ಮಾಡಿ, ಇಲ್ಲ ಪಿಡಿಎಫ್ ಕೊಡಿ" ಎಂದು ಕೇಳಿ.

ನಮ್ಮ ಹತ್ತಿರ ಹಳೇ ಸುದ್ದಿಗಳ ಒಂದು ಸಿ.ಡಿ. ಇದೆ, ಎಲ್ಲ ನುಡಿಯಲ್ಲಿ ಟೈಪ್ ಮಾಡಿದ್ದು. ಮೊನ್ನೆ ಹೊಳೆ ಬಗ್ಗೆ ಬರೆಯಲು ಕೂತು ಅದರಲ್ಲಿ 'ತುಂಗಭದ್ರಾ' ಎಂದು ಯೂನಿಕೋಡ್‌ನಲ್ಲಿ ಹುಡುಕಿದೆವು. ಒಂದೂ ಸಿಗಲಿಲ್ಲ. ಫೈಲುಗಳನ್ನು ಒಂದೊಂದಾಗಿ ತೆರೆದು, ಫಾಂಟ್ ಬದಲಿಸಿ ಓದುತ್ತಾ ಕೂತಿದ್ದೇವೆ.