ಮನೆ ವೈರಿಂಗ್: ಶತಮಾನದಲ್ಲಿ ಖರ್ಚು ಬದಲಾಗಿದ್ದು ಹೇಗೆ?

ನಾಸಿಕ್ ಇರಲಿ, ಛತ್ರಪತಿ ಸಂಭಾಜಿನಗರ (ಹಿಂದಿನ ಔರಂಗಾಬಾದ್) ಇರಲಿ, ಬೆಂಗಳೂರೇ ಇರಲಿ, ಇಂದು ಮನೆ ವೈರಿಂಗ್ ಖರ್ಚನ್ನು ಏರಿಸುವುದು ಮುಖ್ಯವಾಗಿ ಎರಡು: ತಾಮ್ರದ ಬೆಲೆ ಮತ್ತು ಪಾಯಿಂಟ್‌ಗಳ ಸಂಖ್ಯೆ. ನೂರು ವರ್ಷಗಳ ಹಿಂದೆ ಲೆಕ್ಕವೇ ಬೇರೆ ಇತ್ತು.

ಮರದ ಕಾಲ: ಬೆಂಗಳೂರಿಗೆ 1905ರಲ್ಲಿ ವಿದ್ಯುತ್ ದೀಪ ಬಂತು. ಆಗಿನ ಮನೆಗಳಲ್ಲಿ ಇದ್ದದ್ದು ಕೆಲವೇ ದೀಪ. ತಂತಿಯನ್ನು ಮರದ ಕೇಸಿಂಗ್‌ನೊಳಗೆ, ಮುಂದೆ ತೇಗದ ಪಟ್ಟಿಯ ಮೇಲೆ ಎಳೆಯಲಾಗುತ್ತಿತ್ತು. ತಂತಿಯ ಜೊತೆಗೆ ಮರಕ್ಕೂ ಕೂಲಿಗೂ ಹಣ ಹೋಗುತ್ತಿತ್ತು.

ಅಲ್ಯೂಮಿನಿಯಂ ಕಾಲ: ತಾಮ್ರದ ಕೊರತೆಯಿಂದ 1960–70ರ ದಶಕಗಳಲ್ಲಿ ಅಗ್ಗದ ಅಲ್ಯೂಮಿನಿಯಂ ತಂತಿ ಬಳಕೆಗೆ ಬಂತು. ಅದರ ವಾಹಕತೆ ತಾಮ್ರದ ಸುಮಾರು ಶೇ 60 ಮಾತ್ರ. ಜೋಡಣೆ ಸಡಿಲಗೊಂಡರೆ ಬಿಸಿಯಾಗಿ ಬೆಂಕಿಯ ಅಪಾಯವಿದೆ.

ತಾಮ್ರದ ಕಾಲ: 2.5 ಚದರ ಮಿ.ಮೀ. ತಂತಿಯ 90 ಮೀಟರ್ ಸುರುಳಿಯಲ್ಲಿ ಸುಮಾರು 2 ಕೆ.ಜಿ. ತಾಮ್ರ ಇರುತ್ತದೆ. 2000ರ ದಶಕದ ಆರಂಭದಲ್ಲಿ ಟನ್‌ಗೆ 2,000 ಡಾಲರ್‌ಗಿಂತ ಕಡಿಮೆ ಇದ್ದ ತಾಮ್ರ, 2021ರಲ್ಲಿ 10,000 ಡಾಲರ್ ದಾಟಿತು. ಜತೆಗೆ ಎಸಿ, ಗೀಸರ್, ಫ್ರಿಡ್ಜ್‌ಗೆಂದು ಪಾಯಿಂಟ್‌ಗಳೂ ಹೆಚ್ಚಿದವು.

ಎಲ್ಲಿ ಉಳಿಸಬಾರದು?: ಐಎಸ್‌ಐ ಗುರುತಿನ ತಂತಿ, ಅರ್ಥಿಂಗ್ ಮತ್ತು ಆರ್‌ಸಿಸಿಬಿ ವಿಷಯದಲ್ಲಿ ರಾಜಿ ಬೇಡ. ಹಳೆಯ ಮನೆಗೆ ಎಸಿ ಹಾಕಿಸುವ ಮುನ್ನ ಪರವಾನಗಿ ಪಡೆದ ಎಲೆಕ್ಟ್ರಿಷಿಯನ್‌ರಿಂದ ವೈರಿಂಗ್ ಪರೀಕ್ಷಿಸಿ.