ಕಾಲ್‌ಬ್ಯಾಕ್‌ನ ಚರಿತ್ರೆ: ಕೆಲಸ ಯಾವುದು, ಯಾರದು?

ವಿಜ್ಞಾನ ಮಾದರಿಗೆಂದು ಆರ್ಡುಯಿನೋ ಬೋರ್ಡಿಗೆ ಪ್ರೋಗ್ರಾಂ ಬರೆಯುವಾಗ ‘ಗುಂಡಿ ಒತ್ತಿದ ಕೂಡಲೇ ಈ ಫಂಕ್ಷನ್ ನಡೆಸು’ ಎಂದು ಮೊದಲೇ ಹೇಳಿಡುತ್ತೇವೆ. ಹೀಗೆ ಒಪ್ಪಿಸಿಟ್ಟ ಫಂಕ್ಷನ್ನಿಗೆ ಕಾಲ್‌ಬ್ಯಾಕ್ ಎನ್ನುತ್ತಾರೆ. ಆದರೆ ಕ್ಲಾಸಿಗೆ ಸೇರಿದ ಸಾಮಾನ್ಯ ಫಂಕ್ಷನ್ನನ್ನು ಹಾಗೆಯೇ ಒಪ್ಪಿಸಿದರೆ ಕಂಪೈಲರ್ ತಪ್ಪೆಂದು ತೋರಿಸುತ್ತದೆ. ಏಕೆ? ಉತ್ತರ ಚರಿತ್ರೆಯಲ್ಲಿದೆ.

1972ರ ಸುಮಾರಿಗೆ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಡೆನ್ನಿಸ್ ರಿಚೀ ‘ಸಿ’ ಭಾಷೆಯನ್ನು ರೂಪಿಸಿದರು. ಅದರಲ್ಲಿ ಫಂಕ್ಷನ್ನಿನ ವಿಳಾಸವೊಂದಿದ್ದರೆ ಸಾಕು, ಅದನ್ನು ಕರೆಯಬಹುದು. ಅದಕ್ಕೂ ಮೊದಲೇ ನಾರ್ವೆಯ ಡಾಲ್ ಮತ್ತು ನ್ಯೂಗಾರ್ಡ್ ‘ಸಿಮುಲಾ 67’ ಭಾಷೆಯಲ್ಲಿ ಕ್ಲಾಸ್ ಎಂಬ ಕಲ್ಪನೆಯನ್ನು ತಂದಿದ್ದರು. 1979ರಲ್ಲಿ ಬ್ಯಾರ್ನೆ ಸ್ಟ್ರೌಸ್ಟ್ರುಪ್ ಇವೆರಡನ್ನೂ ಬೆಸೆಯತೊಡಗಿದರು. 1983ರಲ್ಲಿ ಆ ಭಾಷೆಗೆ ‘ಸಿ ಪ್ಲಸ್ ಪ್ಲಸ್’ ಎಂಬ ಹೆಸರಾಯಿತು.

ಒಂದು ಕ್ಲಾಸಿನಿಂದ ಹಲವು ವಸ್ತುಗಳನ್ನು ಮಾಡಬಹುದು. ಆದ್ದರಿಂದ ಅದರ ಫಂಕ್ಷನ್ನಿಗೆ ‘ಯಾವ ವಸ್ತುವಿನ ಕೆಲಸ’ ಎಂದು ತಿಳಿಸುವ ‘ದಿಸ್’ ಎಂಬ ಗುಪ್ತ ವಿಳಾಸವೂ ಬೇಕು. ‘ಹಾಜರಿ ಪುಸ್ತಕ ತನ್ನಿ’ ಎಂದರೆ ಸಾಲದು. ಯಾವ ತರಗತಿಯದೆಂದು ಹೇಳಬೇಕಲ್ಲವೇ?

2005ರಲ್ಲಿ ಇಟಲಿಯ ಇವ್ರೆಯಾದಲ್ಲಿ ಆರ್ಡುಯಿನೋ ಹುಟ್ಟಿತು. ಅದರ ಭಾಷೆ ಸಿ ಪ್ಲಸ್ ಪ್ಲಸ್. ಆದರೆ ಗುಂಡಿಯ ಸೂಚನೆ ಹಿಡಿಯುವ ‘ಅಟ್ಯಾಚ್ ಇಂಟರಪ್ಟ್’ ಸಿ ಪದ್ಧತಿಯ ಬರಿಯ ವಿಳಾಸವನ್ನು ಕೇಳುವಂತೆ ರಚಿತವಾಯಿತು. ‘ದಿಸ್’ಗೆ ಅಲ್ಲಿ ಜಾಗವಿರಲಿಲ್ಲ. ಸಮಸ್ಯೆಯ ಮೂಲ ಇದೇ.

ಪರಿಹಾರಗಳೂ ಇವೆ. ‘ದಿಸ್’ ಬೇಡದ ಸ್ಟ್ಯಾಟಿಕ್ ಫಂಕ್ಷನ್ನನ್ನು ಒಪ್ಪಿಸಿ, ವಸ್ತುವಿನ ವಿಳಾಸವನ್ನು ಬೇರೆಡೆ ಬರೆದಿಡುವುದು ಒಂದು ದಾರಿ. ಆದರೆ ಎಚ್ಚರಿಕೆ! ಎರಡು ಗುಂಡಿಗಳಿಗೆ ಒಂದೇ ಜಾಗದಲ್ಲಿ ವಿಳಾಸ ಬರೆದರೆ ಎರಡನೆಯದು ಮೊದಲನೆಯದನ್ನು ಅಳಿಸುತ್ತದೆ. ಯಾವ ಗುಂಡಿ ಒತ್ತಿದರೂ ಒಂದೇ ದೀಪ ಉರಿಯುತ್ತದೆ. ಪ್ರತಿ ಗುಂಡಿಗೂ ಪ್ರತ್ಯೇಕ ಜಾಗವಿರಬೇಕು. 2011ರ ಸಿ ಪ್ಲಸ್ ಪ್ಲಸ್ ಆವೃತ್ತಿಯಲ್ಲಿ ಬಂದ ‘ಸ್ಟ್ಯಾಂಡರ್ಡ್ ಫಂಕ್ಷನ್’ ಕೆಲಸ ಮತ್ತು ವಸ್ತು ಎರಡನ್ನೂ ಒಟ್ಟಿಗೆ ಹೊರುತ್ತದೆ. ಆದರೆ ಅದು ಹೆಚ್ಚು ಮೆಮೊರಿ ಕೇಳುತ್ತದೆ. ಹಳೆಯ ಮಾದರಿಯ ಆರ್ಡುಯಿನೋ ಊನೋ ಚಿಪ್ಪಿನಲ್ಲಿರುವ ರ್‍ಯಾಮ್ ಕೇವಲ 2 ಕಿಲೋಬೈಟ್.

ಆದ್ದರಿಂದ ವಿದ್ಯಾರ್ಥಿಗಳೇ, ಬೇರೆಯವರ ಪ್ರೋಗ್ರಾಮನ್ನು ನಕಲು ಮಾಡುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ: ಕೆಲಸ ಯಾವುದು? ಅದು ಯಾರದು? ಎರಡಕ್ಕೂ ಉತ್ತರ ಬಲ್ಲವರಿಗೆ ಕಂಪೈಲರಿನ ತಕರಾರು ಪಾಠವಾಗುತ್ತದೆ.